ಪೆಟ್ ಸ್ಕ್ಯಾನ್ ದುಡ್ಡು ವಾಪಸ್ ಬರುತ್ತೆ, ನನಗೆ ಬಂತು

ಇನ್ಶೂರೆನ್ಸ್‌ನವರು ಕೀಮೋ ಖರ್ಚು ಕೊಡ್ತಾರೆ, ಕ್ಯಾನ್ಸರ್ ಎಲ್ಲಿವರೆಗೆ ಹರಡಿದೆ ಅಂತ ನೋಡೋ ಪೆಟ್ ಸ್ಕ್ಯಾನ್ ದುಡ್ಡು ಮರೆತುಬಿಡು ಅಂತ ಬಾಗಲಕೋಟೆ ನವನಗರದಲ್ಲಿ ನನಗೆ ಹೇಳದವರಿಲ್ಲ. ಏಜೆಂಟ್ ಕೂಡ ಅದನ್ನೇ ಹೇಳಿದ್ದ. ಈಗ ಅವ್ವನ ಎರಡನೇ ಸ್ಕ್ಯಾನಿನ ದುಡ್ಡೂ ಖಾತೆಗೆ ಬಿದ್ದಿದೆ. ಅದೇ ಏಜೆಂಟ್ ತನ್ನ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಿದ್ದಾನೆ.

ಮೊದಲು ಕ್ಯಾಶ್‌ಲೆಸ್‌ಗೇ ಹಾಕಿದ್ದೆವು, ಅಂದರೆ ಕಂಪನಿಯೇ ನೇರ ಆಸ್ಪತ್ರೆಗೆ ದುಡ್ಡು ಕಟ್ಟೋದು. ಒಂದು ತಾಸಿನೊಳಗೆ ತೀರ್ಮಾನ ಹೇಳಬೇಕು ಅಂತ 2024ರ ನಿಯಮ. ನಮಗೆ ಬಂದದ್ದು ಬರೀ ಕ್ವೆರಿ. ಬಯಾಪ್ಸಿ ವರದಿ ಕೊಟ್ಟರೆ ಮೊದಲು ತೋರಿಸಿದ ಡಾಕ್ಟರ ಚೀಟಿ ಬೇಕು, ಅದನ್ನು ಕೊಟ್ಟರೆ ಹಳೇ ಶುಗರ್ ಕಾಗದ ಬೇಕು. ವಾರ ಕಳೆದ ಮೇಲೆ, ಅಡ್ಮಿಷನ್ ಇಲ್ಲ, ಆಗಲ್ಲ ಅಂದರು. ಒಂದು ರಾತ್ರಿ ಸುಮ್ನೆ ಅಡ್ಮಿಟ್ ಮಾಡಿಸು ಅಂದವರೂ ಇದ್ದರು. ಅದು ನಡೆಯಲ್ಲ. ಬರೀ ತಪಾಸಣೆಗೆ ಅಡ್ಮಿಟ್ ಆದರೆ ಕೊಡಲ್ಲ ಅಂತ ಪಾಲಿಸಿಯಲ್ಲೇ ಇದೆ, ಯಾವುದಕ್ಕೆ ಕೊಡಲ್ಲ ಅನ್ನೋ ಪಟ್ಟಿಯಲ್ಲಿ ಎಕ್ಸ್‌ಕ್ಲೂಷನ್ 04 ನೋಡಿ. ಬೆಡ್ ಬಾಡಿಗೆಯೂ ಮೈಮೇಲೆ ಬರುತ್ತೆ.

ಸ್ಟೇಜ್ ಗೊತ್ತಾಗದೆ ಕೀಮೋ ಇಲ್ಲ ಅಂದರು ಡಾಕ್ಟರು. ಕಾಯೋದು ಬಿಟ್ಟು ಭಿಶಿ (ಚೀಟಿ ಫಂಡ್) ದುಡ್ಡು ಎತ್ತಿದೆ. ಹುಬ್ಬಳ್ಳಿ, ಬೆಳಗಾವಿ ಎರಡೂ ಕಡೆ ಸ್ಕ್ಯಾನ್ ಮಾಡೋರಿಗೆ ಫೋನ್ ಮಾಡಿದೆ. ಇನ್ಶೂರೆನ್ಸ್ ಅಂದರೆ ಒಂದು ರೇಟು, ನಗದು ಅಂದರೆ ಇನ್ನೊಂದು. ಎರಡು ಮೂರು ಸಾವಿರ ಫರಕು. ಸುಮಾರು ಹದಿನಾರು ಸಾವಿರಕ್ಕೆ ಇಳಿಸಿದೆ. ಫೋನಿನಲ್ಲಿ ಏನು ಹೇಳಿ ಇಳಿಸಿದೆ ಅನ್ನೋದು ಇಲ್ಲಿ ಬೇಡ, ಎಲ್ಲರೂ ಹೇಳಿದರೆ ನಡೆಯಲ್ಲ.

ಶುಗರ್ ಇದ್ದವರಿಗೆ ಒಂದು ಮಾತು. 200 ದಾಟಿದರೆ ಸಾಮಾನ್ಯವಾಗಿ ಸ್ಕ್ಯಾನ್ ಮಾಡದೆ ವಾಪಸ್ ಕಳಿಸುತ್ತಾರೆ. ಸ್ಕ್ಯಾನಿಗೆ ಚುಚ್ಚುವ ವಿಕಿರಣ ಔಷಧಿಯ ಶಕ್ತಿ ಎರಡು ತಾಸಿಗೆ ಅರ್ಧಕ್ಕಿಂತ ಕಮ್ಮಿ ಆಗುತ್ತೆ, ನಿಮಗಾಗಿ ಕಾಯಲ್ಲ. ಅವ್ವನಿಗೆ ಹಿಂದಿನ ದಿನ ರೊಟ್ಟಿ ಬಿಡಿಸಿ ಮೊಟ್ಟೆ, ಸೊಪ್ಪಿನ ಪಲ್ಯ, ಮಜ್ಜಿಗೆ ಮೇಲೆ ಇಟ್ಟು ನೋಡಿದೆ. ಡಾಕ್ಟರನ್ನು ಕೇಳಿಯೇ ಮಾಡಿದ್ದು. ಬೆಳಿಗ್ಗೆ ನೂರಾ ಮೂವತ್ತರ ಆಸುಪಾಸು ಇತ್ತು. ರೊಟ್ಟಿ ಇಲ್ಲದ ಊಟಕ್ಕೆ ಅವ್ವ ಬೈದದ್ದು ಬೇರೆ ಕಥೆ.

ಈಗ ದುಡ್ಡಿನ ವಿಷಯ. ಸ್ಕ್ಯಾನ್ ಬಿಲ್ಲನ್ನು ಒಂಟಿಯಾಗಿ ಕಳಿಸಲೇಬೇಡಿ. ಕೀಮೋ ಡೇಕೇರ್ ಅಡ್ಮಿಷನ್ ಅಲ್ವಾ, ಅದೇ ದಿನ ಮನೆಗೆ ಬರೋದು? ಅದಕ್ಕಿಂತ 30 ದಿನ ಹಿಂದಿನ, 60 ದಿನ ಮುಂದಿನ ಖರ್ಚು ನಮ್ಮ ಪಾಲಿಸಿಯಲ್ಲಿ ಸಿಗುತ್ತೆ. ಪ್ರತಿ ಕೀಮೋಗೂ ಹೊಸ ಅಡ್ಮಿಷನ್, ಹೊಸ ಲೆಕ್ಕ. ಹಾಗಾಗಿ ನಡುವೆ ಮಾಡಿಸಿದ ಸ್ಕ್ಯಾನ್ ಯಾವುದಾದರೂ ಒಂದಕ್ಕೆ ಸೇರೇ ಸೇರುತ್ತೆ. ಕೀಮೋ ಕ್ಲೇಮ್ ಪಾಸಾಗೋತನಕ ಕಾದೆ. ಆಮೇಲೆ ಅದೇ ಕ್ಲೇಮ್ ನಂಬರ್ ಬರೆದು ಒರಿಜಿನಲ್ ಬಿಲ್, ಹಣ ಕಟ್ಟಿದ ರಸೀದಿ, ವರದಿ, ಡಾಕ್ಟರ ಚೀಟಿ ಒಟ್ಟಿಗೆ ಕಳಿಸಿದೆ. ಚೀಟಿಯ ತಾರೀಖು ಸ್ಕ್ಯಾನಿಗಿಂತ ಮೊದಲಿನದೇ ಇರಬೇಕು. ಡಾಕ್ಟರು ಅದರಲ್ಲಿ ಒಂದು ಸಾಲು ಜಾಸ್ತಿ ಬರೆದಿದ್ದರು. ಅದೇ ಕೆಲಸ ಮಾಡಿದ್ದು. ಎದುರಿಗೆ ಸಿಕ್ಕರೆ ತೋರಿಸುತ್ತೇನೆ.

ಆದರೂ ಒಂದೂವರೆ ತಿಂಗಳು ಎಳೆದರು. ಕಂಪನಿಯ ದೂರು ವಿಭಾಗಕ್ಕೆ ಬರೆದೆ, ಆಮೇಲೆ ವಿಮಾ ನಿಯಂತ್ರಕರ ದೂರು ಪೋರ್ಟಲ್ ಬಿಮಾ ಭರೋಸಾದಲ್ಲಿ ದೂರು ಹಾಕಿದೆ. ತಡವಾದ ದಿನಗಳಿಗೆ ಬ್ಯಾಂಕ್ ದರಕ್ಕಿಂತ 2% ಜಾಸ್ತಿ ಬಡ್ಡಿ ಕೊಡಬೇಕು ಅಂತ ಲೆಕ್ಕ ಹಾಕಿಯೇ ಬರೆದಿದ್ದೆ. ವಾರದೊಳಗೆ ಫೋನ್ ಬಂತು. ಎರಡನೇ ಸ್ಕ್ಯಾನಿಗೆ ಇಷ್ಟೆಲ್ಲ ಆಗಲಿಲ್ಲ, ಮೂರು ವಾರದಲ್ಲಿ ಬಂತು.

ಬೆಳಗಾವಿಗೆ ಹೋಗಿಬಂದ ಕಾರಿನ ಬಾಡಿಗೆ ನಾಲ್ಕೂವರೆ ಸಾವಿರ ನಮ್ಮದೇ ಲುಕ್ಸಾನು. ಸಿಡಿ, ಗ್ಲೌಸು ಅಂತ ಏಳೆಂಟು ನೂರು ಕಡಿದಿದ್ದಾರೆ. ಅದಕ್ಕೂ ಪತ್ರ ಹಾಕಿದ್ದೇನೆ.