ಆಟದ ರೈಲಿಗೆ ಟ್ರಾನ್ಸ್‌ಫಾರ್ಮರ್: ದುಡ್ಡು ಕೊಡುವ ಮೊದಲು

ಮುಂಬೈನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ ಆಟದ ರೈಲಿಗೆ ಟ್ರಾನ್ಸ್‌ಫಾರ್ಮರ್ ಕೇಳಿ ನೋಡಿ. ನಾಲ್ಕಾರು ಬಗೆಯ ಡಬ್ಬಿ ತೆಗೆದಿಟ್ಟು 'ಸಬ್ ಚಲೇಗಾ' ಅಂತಾರೆ. ಚಲಿಸುವುದೇನೋ ನಿಜ, ಮಕ್ಕಳು ಮುಟ್ಟುವ ಹಳಿಗೆ ಅದು ಆಗುತ್ತದಾ ಅನ್ನೋದು ಬೇರೆ ಪ್ರಶ್ನೆ.

ವೋಲ್ಟ್ ಸುಲಭ. ಎಚ್‌ಓ, ಎನ್ (ಆಟದ ರೈಲಿನ ಎರಡು ಗಾತ್ರಗಳ ಹೆಸರು) ಅಳತೆಯ, ಡಿಸಿ ಕರೆಂಟಿನಲ್ಲಿ ಓಡುವ ರೈಲಿಗೆ 12 ವೋಲ್ಟ್ ಸಾಕು. ರೈಲಿನ ಪೆಟ್ಟಿಗೆಯ ಮೇಲೆ ಬೇರೆ ಬರೆದಿದ್ದರೆ ಅದನ್ನೇ ನಂಬಿ.

ಆಂಪ್ ವಿಷಯದಲ್ಲಿ ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ಲ. ಎಚ್‌ಓ ಎಂಜಿನ್ ಒಂದಕ್ಕೆ ಅರ್ಧ ಆಂಪ್ ಹಿಡಿಯಿರಿ. ಎರಡು ಎಂಜಿನ್, ಒಂದಿಷ್ಟು ದೀಪ ಅಂದರೆ 2 ಆಂಪ್ ಸಾಕು. ಎಲ್‌ಇಡಿ ಪಟ್ಟಿಗೆ ಮಾರುವ 10 ಆಂಪ್‌ನ ತಗಡಿನ ಸಪ್ಲೈ ಅಗ್ಗಕ್ಕೆ ಸಿಗುತ್ತದೆ, ಬೇಡ. ಗಾಡಿ ಹಳಿ ತಪ್ಪಿ ಶಾರ್ಟ್ ಆದಾಗ ಅದು ಸುಮ್ನೆ ಕರೆಂಟ್ ಸುರಿಯುತ್ತಲೇ ಇರಬಹುದು, ಗಾಲಿಯ ಸುತ್ತಲಿನ ಪ್ಲಾಸ್ಟಿಕ್ ಕರಗಬಹುದು. ಸಾಲದ್ದಕ್ಕೆ 230 ವೋಲ್ಟ್‌ನ ಸ್ಕ್ರೂಗಳು ಪಕ್ಕದಲ್ಲೇ ಬೆರಳಿಗೆ ಸಿಗುವಂತಿರುತ್ತವೆ. ಶಾರ್ಟ್ ಆದರೆ ತಾನೇ ಕಡಿದುಕೊಳ್ಳುವಂಥದ್ದನ್ನೇ ಕೇಳಿ.

ಜನ ಎಡವುವುದು ಮುಂದಿನದರಲ್ಲಿ. ಒಳಗಿನ ಎರಡು ಸುರುಳಿ ಬೇರೆ ಬೇರೆ ಇರಬೇಕು, ಗೋಡೆಯ ಕರೆಂಟಿಗೂ ಹಳಿಗೂ ತಂತಿಯ ನಂಟೇ ಇರಬಾರದು. ಆಟೋ ಟ್ರಾನ್ಸ್‌ಫಾರ್ಮರ್‌ನಲ್ಲಿ ಇರುವುದು ಒಂದೇ ಸುರುಳಿ. ವೋಲ್ಟ್ ಇಳಿದರೂ ಫೇಸ್ ನೇರ ಹಳಿಗೆ ಬರಬಹುದು. ಫ್ಯಾನ್ ರೆಗ್ಯುಲೇಟರ್, ದೀಪದ ಡಿಮ್ಮರ್ ಕೂಡ ಗೋಡೆಯ ಕರೆಂಟನ್ನು ಬೇರ್ಪಡಿಸುವುದಿಲ್ಲ, ಅವುಗಳಿಂದ ರೈಲು ಓಡಿಸುವ ಜುಗಾಡ್ ಮಾಡಲೇಬೇಡಿ. ಅಂಗಡಿಯಲ್ಲೇ ಮಲ್ಟಿಮೀಟರ್ ಕೇಳಿ. ಪ್ಲಗ್ ಹೊರಗಿರಲಿ, ಡಬ್ಬಿಯ ಸ್ವಿಚ್ ಆನ್ ಇರಲಿ. ಮೀಟರನ್ನು ಓಮ್‌ಗೆ ಇಟ್ಟು ಒಂದು ಕಡ್ಡಿ ಪ್ಲಗ್‌ನ ಪಿನ್‌ಗೆ, ಇನ್ನೊಂದು ಔಟ್‌ಪುಟ್ ತಂತಿಗೆ ಹಿಡಿಯಿರಿ. ಪಿನ್ ಬದಲಿಸಿ, ತಂತಿ ಬದಲಿಸಿ, ನಾಲ್ಕೂ ಜೋಡಿ ನೋಡಿ. ಯಾವುದರಲ್ಲಾದರೂ ಕೆಲವೇ ಓಮ್ ತೋರಿಸಿದರೆ ವಾಪಸ್ ಕೊಡಿ. ಈ ಪರೀಕ್ಷೆ ಕೆಟ್ಟದ್ದನ್ನು ಹಿಡಿಯುತ್ತದೆ ಅಷ್ಟೇ, ಒಳ್ಳೆಯದು ಅಂತ ಸರ್ಟಿಫಿಕೇಟ್ ಕೊಡುವುದಿಲ್ಲ. ಅದಕ್ಕೇ ಹೆಸರಿಲ್ಲದ ಡಬ್ಬಿಗಿಂತ ಆಟದ ರೈಲಿಗೆಂದೇ ಮಾಡಿದ್ದು ನನಗೆ ಇಷ್ಟ, ದುಬಾರಿಯಾದರೂ.

ಅಮೆರಿಕದಿಂದ ಅಣ್ಣನೋ ಮಾವನೋ ತಂದ ಸೆಟ್ಟಿನ ಪವರ್ ಪ್ಯಾಕ್ ಸಾಮಾನ್ಯವಾಗಿ 120 ವೋಲ್ಟಿನದು. ಅಂಥದ್ದಕ್ಕೆ ಪಿನ್ ಅಡಾಪ್ಟರ್ ಸಿಕ್ಕಿಸಿ ನಮ್ಮ ಗೋಡೆಗೆ ಹಾಕಿದರೆ ಸುಟ್ಟೇ ಹೋಗುತ್ತದೆ. ಅದನ್ನು ಶೋಕೇಸಿಗೆ ಇಟ್ಟು ಇಲ್ಲಿಯದೇ 230 ವೋಲ್ಟಿನದು ತಗೊಳ್ಳಿ.

ಹಳಿಗೆ ಎಸಿ ಕರೆಂಟ್ ಕೊಟ್ಟು ಓಡಿಸುವ ರೈಲಿನವರಿಗೆ ಒಂದು ಮಾತು. ಎರಡು ಟ್ರಾನ್ಸ್‌ಫಾರ್ಮರನ್ನು ಒಂದೇ ಹಳಿಗೆ ಜೋಡಿಸಬೇಡಿ. ಒಂದರ ಪ್ಲಗ್ ಕಿತ್ತರೆ ಇನ್ನೊಂದರ ಕರೆಂಟ್ ಹಳಿಯಿಂದ ಅದಕ್ಕೆ ಹಿಂದುಮುಂದಾಗಿ ಹೊಕ್ಕು, ಕೈಯಲ್ಲಿ ಹಿಡಿದ ಪ್ಲಗ್‌ನ ಪಿನ್‌ಗಳಲ್ಲೇ ಮನೆಯ ಕರೆಂಟಿನಷ್ಟು ವೋಲ್ಟ್ ಬಂದು ಕೂರಬಹುದು.