ಆಸ್ಕರ್ ಫರ್ನಾಂಡಿಸ್ ಕಾಲಪಟ್ಟಿ: ಮೊದಲು ಫಲಿತಾಂಶ, ಆಮೇಲೆ ನೆನಪು

"ಹಿರಿಯರನ್ನು ಕೇಳಿದರೆ ಮುಗಿಯಿತು, ಇಷ್ಟಕ್ಕೆಲ್ಲ ಲೈಬ್ರರಿ ಯಾಕೆ" ಎಂದವರೇ ಈಗ ಪಟ್ಟಿಯ ಪ್ರತಿ ಕೇಳುತ್ತಿದ್ದಾರೆ. ಕಾಂಗ್ರೆಸ್ ನಾಯಕ ಆಸ್ಕರ್ ಫರ್ನಾಂಡಿಸ್ ಅವರ ರಾಜಕೀಯ ಬದುಕನ್ನು ಇಸವಿ ತಪ್ಪದೆ ಜೋಡಿಸಿದ ಪಟ್ಟಿ ಉಡುಪಿಯಲ್ಲಿ ಬೇರೆ ಯಾರ ಬಳಿಯೂ ನನಗೆ ಕಾಣಸಿಕ್ಕಿಲ್ಲ. ನಾನು ಪಟ್ಟಿ ಮಾಡಿದ ಕ್ರಮ ಇಷ್ಟೇ: ಮೊದಲು ಚುನಾವಣಾ ಆಯೋಗದ ಫಲಿತಾಂಶ, ಬಳಿಕ ಸದನದ ಅವಧಿ, ಅದರ ಮೇಲೆ ಪತ್ರಿಕೆ, ಕೊನೆಗೆ ಜನರ ನೆನಪು.

ನೆನಪಿನಿಂದ ಹೊರಟರೆ ಲೆಕ್ಕ ಕೂಡುವುದೇ ಇಲ್ಲ. ಉಡುಪಿಯಿಂದ ಲೋಕಸಭೆಗೆ ಐದು ಸಲ ಗೆದ್ದರು ಎಂಬುದು ಎಲ್ಲರಿಗೂ ಬಾಯಿಪಾಠ. ಇಸವಿ ಕೇಳಿದರೆ 1977 ನುಸುಳುತ್ತದೆ. ಆ ವರ್ಷ ಉಡುಪಿಯಲ್ಲಿ ಗೆದ್ದವರು ಟಿ.ಎ. ಪೈ. ಆಸ್ಕರ್ ಗೆಲುವು 1980, 1984, 1989, 1991, 1996. 1998ರಲ್ಲಿ ಐ.ಎಂ. ಜಯರಾಮ ಶೆಟ್ಟಿ ಎದುರು ಸೋತರು, ಅದೇ ವರ್ಷ ರಾಜ್ಯಸಭೆಗೆ ಹೋದರು. ಎರಡೂ ಒಂದೇ ಇಸವಿಯಲ್ಲಿ ಬಿದ್ದದ್ದರಿಂದ ಸೋಲು ಅನೇಕರ ನೆನಪಿನಿಂದಲೇ ಅಳಿಸಿಹೋಗಿದೆ. ಮುಂದಿನದು ಸಲೀಸು: ರಾಜ್ಯಸಭೆಗೆ ಆರು ವರ್ಷಕ್ಕೊಮ್ಮೆ, ಅಂದರೆ 2004, 2010, 2016.

ಲೈಬ್ರರಿಯಲ್ಲಿ ಹಳೆಯ ಪತ್ರಿಕೆಗಳ ಬೈಂಡು (ಒಟ್ಟಿಗೆ ಹೊಲಿದ ಸಂಪುಟ) ಹುಡುಕುವಾಗ ಅತಿ ಹೆಚ್ಚು ಸಮಯ ತಿನ್ನುವುದು 1984. ಮತದಾನ ಡಿಸೆಂಬರ್ ಕೊನೆಯ ವಾರ. ಸಂಸದರ ಪ್ರಮಾಣವಚನ 1985ರ ಜನವರಿ. ಒಂದೇ ವರ್ಷದ ಬೈಂಡು ತರಿಸಿಕೊಂಡರೆ ಅರ್ಧ ಸುದ್ದಿ ಮಾತ್ರ ಸಿಗುತ್ತದೆ. 1980ರದ್ದು ತಿರುಗಾಮುರುಗಾ: ಮತದಾನ ಜನವರಿ ಮೊದಲ ವಾರ, ಪ್ರಚಾರದ ಸುದ್ದಿಯೆಲ್ಲ 1979ರ ಡಿಸೆಂಬರ್ ಬೈಂಡಿನಲ್ಲಿ.

ಫೋಟೋದ ಅಡಿಬರಹಗಳನ್ನು ನಂಬಲೇಬಾರದು. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಹಾಗಾಗಿ "ಉಡುಪಿ ಜಿಲ್ಲೆ, 1989" ಎಂದು ಬರೆದಿದ್ದರೆ ಅದು ಆಮೇಲೆ ಯಾರೋ ಅಂಟಿಸಿದ ಚೀಟಿ. ಇಸವಿಯನ್ನೂ ಮತ್ತೆ ಪರೀಕ್ಷಿಸಬೇಕು. ಕ್ಷೇತ್ರದ ಹೆಸರಿನದೂ ಇದೇ ಪಾಡು. 2008ರ ಮರುವಿಂಗಡಣೆಯಲ್ಲಿ ಬ್ರಹ್ಮಾವರ ವಿಧಾನಸಭಾ ಕ್ಷೇತ್ರವೇ ಹೋಯಿತು, ಬೈಂದೂರು ಶಿವಮೊಗ್ಗ ಲೋಕಸಭೆಗೆ ಸೇರಿತು, ಉಡುಪಿಗೆ ಚಿಕ್ಕಮಗಳೂರು ಕೂಡಿಕೊಂಡಿತು. ಹಳೆಯ ಮತ, ಹೊಸ ಮತ ಹೋಲಿಸುವವರು ಇದನ್ನು ಬಿಟ್ಟರೆ ಇಡೀ ಕೋಷ್ಟಕ ದಂಡ.

ಖರ್ಚು? ಬಸ್ಸು, ಜೆರಾಕ್ಸ್, ಪ್ರಿಂಟ್ ಎಲ್ಲ ಸೇರಿ ಏಳೆಂಟು ಸಾವಿರ. ಅದರಲ್ಲಿ ದೊಡ್ಡ ಪಾಲು ನುಂಗಿದ್ದು ಪಟ್ಟಿಯನ್ನು ಪ್ರದರ್ಶನಕ್ಕಿಡಲು ತಂದ ಸನ್‌ಬೋರ್ಡ್, ಅಂದರೆ ಹಗುರ ಫೋಮ್ ಹಲಗೆ. ನಮ್ಮ ಮಳೆಗಾಲದ ಥಂಡಿಗೆ ಅದು ಬಾಗುತ್ತದೆ, ಮೇಲೆ ಅಂಟಿಸಿದ ವಿನೈಲ್ ಪ್ರಿಂಟ್ ಮೂಲೆಯಿಂದ ಏಳುತ್ತದೆ. ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ) ಶೀಟಿಗೆ ಅಂಟಿಸಿದ್ದು ಗಟ್ಟಿಯಾಗಿ ನಿಂತಿದೆ, ದರ ಮಾತ್ರ ದುಪ್ಪಟ್ಟಿನ ಹತ್ತಿರ.

ನಡುವೆ ಪುಟದ ಫೋಟೋದಿಂದ ಅಕ್ಷರ ಓದಿಸುವ ಓಸಿಆರ್ ತಂತ್ರಾಂಶವನ್ನೂ ಹಾಕಿ ನೋಡಿದೆ. ಅಚ್ಚುಮೊಳೆಯ ಕಾಲದ ಪುಟಗಳಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿರುತ್ತದೆ, ಅರ್ಕಾವತ್ತು ಮಾಯವಾಗುತ್ತದೆ. ತಿದ್ದುವುದಕ್ಕಿಂತ ಕೈಯಲ್ಲಿ ಟೈಪ್ ಮಾಡುವುದೇ ಬೇಗ. ಪುಟವನ್ನು ಮೇಲರ್ಧ, ಕೆಳಗರ್ಧ ಎಂದು ಎರಡು ಫೋಟೋ ತೆಗೆಯಿರಿ, ಬೆಳಕು ಪಕ್ಕದಿಂದ ಬರಲಿ, ಬೈಂಡನ್ನು ಒತ್ತಿ ಬಿಡಿಸಬೇಡಿ, ಕಾಗದ ಪುಡಿಯಾಗುತ್ತದೆ. ಹೊಲಿಗೆಯೊಳಗೆ ಸಿಕ್ಕಿಕೊಂಡ ಕಾಲಂ ಓದುವುದಕ್ಕೆ ನನ್ನದೊಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಈಗ ಕೈಗೆತ್ತಿಕೊಂಡಿರುವುದು ಉಡುಪಿಯ ಬಿಜೆಪಿ ನಾಯಕರಾಗಿದ್ದ ಡಾ. ವಿ.ಎಸ್. ಆಚಾರ್ಯರ ಪಟ್ಟಿ. 1983ರ ವಿಧಾನಸಭೆಯಿಂದ ಮುಂದಕ್ಕೆ ಇದೇ ಕ್ರಮ ಸಾಕು. ಆದರೆ ಅವರು 1968ರಲ್ಲಿ ಜನಸಂಘದಿಂದ ಉಡುಪಿ ಪುರಸಭೆಯ ಅಧ್ಯಕ್ಷರಾದವರು. ಪುರಸಭೆಯ ಚುನಾವಣೆ, ಚುನಾವಣಾ ಆಯೋಗದ ವರದಿಗಳಲ್ಲಿ ಬರುವುದಿಲ್ಲ. ಆ ಭಾಗಕ್ಕೆ ಪುರಸಭೆಯ ನಡಾವಳಿ ಪುಸ್ತಕದಿಂದಲೇ ಶುರು ಮಾಡಬೇಕು, ಪತ್ರಿಕೆ ಎರಡನೆಯದು.