ಕಲಬುರಗಿಯ ಅಡುಗೆಮನೆಗೆ ಹೊಸ ತಿನಿಸು, ಅಗ್ಗದ ವೈನ್: ಔಷಧ ಅಂಗಡಿಯವನ ಕೈಪಿಡಿ

ಪೊಟ್ಟಣದ ಮುಂಭಾಗವನ್ನು ಮಾರುವವನು ಬರೆಯುತ್ತಾನೆ, ಹಿಂಭಾಗವನ್ನು ಕಾನೂನು ಬರೆಸುತ್ತದೆ. ಹೊಸ ತಿನಿಸು ಕೊಳ್ಳಲು ಹೊರಟವರು ಹಿಂಭಾಗದಿಂದಲೇ ಓದಲು ಶುರು ಮಾಡಬೇಕು. ಇದು ನನ್ನ ಕಸುಬು ಕಲಿಸಿದ ಅಭ್ಯಾಸ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಔಷಧ ಅಂಗಡಿ ಇದೆ. ದಿನವಿಡೀ ಸಣ್ಣ ಅಕ್ಷರ ಓದುವವನಿಗೆ ಕೆಮ್ಮಿನ ಸಿರಪ್ಪೂ ಒಂದೇ, ಚೀಸಿನ ಪೊಟ್ಟಣವೂ ಒಂದೇ.

ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅಲ್ಲಿನ ನಾಮಧಾರಿಸ್ ಫ್ರೆಶ್, ನೇಚರ್ಸ್ ಬಾಸ್ಕೆಟ್‌ನಂಥ ಮಳಿಗೆಗಳ ರುಚಿ ಹತ್ತಿತು. ಈಗ ನಮ್ಮೂರಿನ ಸೂಪರ್ ಮಾರ್ಕೆಟ್‌ಗಳಲ್ಲೂ ಪಾಸ್ತಾ, ಆಲಿವ್, ಸೋಯಾ ಸಾಸ್ ಒಂದು ಮೂಲೆ ಹಿಡಿದು ಕೂತಿವೆ. ಆ ಮೂಲೆಯ ಮುಂದೆ ನಿಂತು ಬೆಲೆ ನೋಡಿ, ನಿಟ್ಟುಸಿರು ಬಿಟ್ಟು, ಪುಟಾಣಿ ಕಡಲೆ ಕೊಂಡು ಮನೆಗೆ ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ನಿಯಮ: ಒಂದು ಸಲಕ್ಕೆ ಒಂದೇ ಹೊಸ ವಸ್ತು, ಅದೂ ಸಿಗುವುದರಲ್ಲಿ ಅತಿ ಸಣ್ಣ ಪೊಟ್ಟಣ. ಮೊದಲ ದಿನ ಒಂದೆರಡು ಚಮಚ ಸಾಕು. ನಾವು ಇಂಜೆಕ್ಷನ್‌ಗೆ ಮುಂಚೆ ಟೆಸ್ಟ್ ಡೋಸ್ ಎನ್ನುವುದು ಇದನ್ನೇ. ಎಳ್ಳು, ಸೋಯಾ, ಗೋಡಂಬಿ, ಸಾಸಿವೆ, ಸೀಗಡಿ, ಇವುಗಳಲ್ಲಿ ಯಾವುದು ಯಾರ ಮೈಗೆ ಆಗುವುದಿಲ್ಲ ಎಂದು ಮೊದಲೇ ಹೇಳಲಾಗದು. ಒಂದೇ ರಾತ್ರಿ ನಾಲ್ಕು ಹೊಸ ಡಬ್ಬಿ ತೆರೆದು, ಬೆಳಿಗ್ಗೆ ಮೈಯೆಲ್ಲ ಗಂಧೆ ಎದ್ದರೆ ಯಾವುದನ್ನು ದೂರುತ್ತೀರಿ?

ದೊಡ್ಡ ಪೊಟ್ಟಣದಲ್ಲಿ ಉಳಿತಾಯ ಎಂಬ ಮಾತು ಗೊತ್ತಿರುವ ಸಾಮಾನಿಗೆ ಮಾತ್ರ ಸರಿ. ತೊಗರಿಬೇಳೆಯನ್ನು ಐದು ಕಿಲೋ ಕೊಳ್ಳಿ, ಹಮ್ಮಸ್ ಎಂಬ ಕಡಲೆ ಚಟ್ನಿಯನ್ನು ಬೇಡ. ಈಗ ಪೊಟ್ಟಣದ ಮೇಲೆಯೇ ಗ್ರಾಂ ಲೆಕ್ಕದ ಬೆಲೆಯನ್ನೂ ಮುದ್ರಿಸುತ್ತಾರೆ. ಎರಡು ಬ್ರ್ಯಾಂಡ್ ಹೋಲಿಸಲು ಅದನ್ನು ನೋಡಿ, ಚೌಕಾಶಿ ತಾನಾಗಿಯೇ ಆಗುತ್ತದೆ.

ಹಿಂಭಾಗದಲ್ಲಿ ನೋಡಬೇಕಾದದ್ದು ಮೂರೇ ಸಾಲು. ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ. ಆಲಿವ್ ಎಣ್ಣೆಯ ಚಿತ್ರವಿರುವ ಪೆಸ್ಟೋ ಎಂಬ ಇಟಲಿಯ ಚಟ್ನಿಯ ಶೀಷೆಯ ಪಟ್ಟಿಯಲ್ಲಿ ಮೊದಲು ಸೂರ್ಯಕಾಂತಿ ಎಣ್ಣೆ ಬಂದರೆ ನೀವು ಕೊಳ್ಳುತ್ತಿರುವುದು ಸೂರ್ಯಕಾಂತಿ ಎಣ್ಣೆಯನ್ನೇ. ಎರಡನೆಯದು ದಿನಾಂಕ. 'ಎಕ್ಸ್‌ಪೈರಿ' ದಾಟಿದ್ದನ್ನು ಮುಟ್ಟಬೇಡಿ. 'ಬೆಸ್ಟ್ ಬಿಫೋರ್' ಎಂಬುದು ರುಚಿ, ಗರಿಗರಿತನದ ಗಡುವು. ದಿನಾಂಕ ಹತ್ತಿರವಾದ ಪಾಸ್ತಾ, ಬಿಸ್ಕತ್ತುಗಳನ್ನು ಮಳಿಗೆಯವರು ರಿಯಾಯಿತಿಗೆ ಇಟ್ಟಿದ್ದರೆ ಧೈರ್ಯವಾಗಿ ತನ್ನಿ. ಮೂರನೆಯದು ಹಸಿರು ಚುಕ್ಕೆ, ಇದೊಂದು ಮಾತ್ರ ಮುಂಭಾಗದಲ್ಲೇ ಇರುತ್ತದೆ. ಮಾಂಸಾಹಾರಕ್ಕೆ ಹಿಂದೆ ಕಂದು ಚುಕ್ಕೆ ಇತ್ತು, ಈಗ ಕಂದು ತ್ರಿಕೋನ.

ಈ ಹಸಿರು ಚುಕ್ಕೆಯ ವಿಷಯದಲ್ಲಿ ನಮ್ಮ ಭಾಗದ ಶಾಕಾಹಾರಿ ಮನೆಗಳವರು ಸ್ವಲ್ಪ ನಿಲ್ಲಬೇಕು. ಚೀಸು ಮಾಡುವಾಗ ಹಾಲು ಒಡೆಯಲು ಬಳಸುವ ರೆನೆಟ್ ಎಂಬ ಕಿಣ್ವವನ್ನು ಸಾಂಪ್ರದಾಯಿಕವಾಗಿ ಎಳೆಗರುವಿನ ಹೊಟ್ಟೆಯಿಂದ ತೆಗೆಯುತ್ತಾರೆ. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊ ಚೀಸು ಇಂದಿಗೂ ಅದರಿಂದಲೇ ಆಗುತ್ತದೆ. ನಮ್ಮ ದೇಶದ ಬಹುತೇಕ ಚೀಸುಗಳಲ್ಲಿ ಸೂಕ್ಷ್ಮಾಣುಗಳಿಂದ ತೆಗೆದ ರೆನೆಟ್ ಇರುತ್ತದೆ, ಹಸಿರು ಚುಕ್ಕೆಯೂ ಇರುತ್ತದೆ. ಪೆಸ್ಟೋದಲ್ಲಿ ಪಾರ್ಮಿಜಾನೊ, ಕಿಮ್ಚಿ ಎಂಬ ಕೊರಿಯಾದ ಉಪ್ಪಿನಕಾಯಿಯಲ್ಲಿ ಮೀನಿನ ಸಾಸ್, ಮಾರ್ಷ್‌ಮ್ಯಾಲೋದಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಅಡಗಿ ಕೂತಿರಬಹುದು. ಅವ್ವ ಬಾಯಿಗಿಟ್ಟ ಮೇಲೆ ಇದನ್ನು ಓದಿ ಹೇಳುವ ಪ್ರಸಂಗ ಯಾರಿಗೂ ಬೇಡ.

ರೊಟ್ಟಿಯ ಪಕ್ಕದಲ್ಲಿ

ಹೊಸದನ್ನು ಹೊಸದರ ಜೊತೆ ತಿನ್ನಬೇಡಿ. ಪಾಕವಿಧಾನದ ವಿಡಿಯೊ ನೋಡಿ ಆಲಿವ್, ಫೆಟಾ ಚೀಸು, ಕಿನೋವಾ ಕಾಳು ಎಲ್ಲವನ್ನೂ ಕಲಸಿ ಒಂದು ಸಲಾಡ್ ಮಾಡಿದರೆ ಮನೆಯವರು ಒಂದು ತುತ್ತು ತಿಂದು ಬಟ್ಟಲು ಸರಿಸುತ್ತಾರೆ. ತಟ್ಟೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು ಎಂದಿನಂತೆ ಇರಲಿ. ಹಿಂಡಿ (ಚಟ್ನಿಪುಡಿ) ಇರುವ ಜಾಗದ ಪಕ್ಕದಲ್ಲಿ ಹೊಸದು ಒಂದು ಚಮಚ. ಜೋಳದ ರೊಟ್ಟಿಗೆ ಉಪ್ಪಿಲ್ಲ, ಎಣ್ಣೆಯಿಲ್ಲ, ಆದ್ದರಿಂದ ಯಾವ ರುಚಿಗೂ ಅದು ಅಡ್ಡ ಬರುವುದಿಲ್ಲ.

ಆಲಿವ್‌ನಿಂದ ಶುರು ಮಾಡುವುದು ಒಳ್ಳೆಯದು. ಮರದಿಂದ ಕಿತ್ತ ಆಲಿವ್ ಬಾಯಿಗಿಡಲಾಗದಷ್ಟು ಕಹಿ. ಉಪ್ಪುನೀರಿನಲ್ಲಿ ವಾರಗಟ್ಟಲೆ ನೆನೆದು ಕಹಿ ಬಿಡುತ್ತದೆ. ಹಾಗಾಗಿ ಶೀಷೆಯಿಂದ ತೆಗೆದದ್ದನ್ನು ನೇರವಾಗಿ ತಿಂದರೆ ಉಪ್ಪು ಮಾತ್ರ ತಿಳಿಯುತ್ತದೆ. ಹತ್ತು ನಿಮಿಷ ತಣ್ಣೀರಿನಲ್ಲಿಟ್ಟು, ನೀರು ಬಸಿದು, ಒಂದಿಷ್ಟು ಜಜ್ಜಿದ ಬೆಳ್ಳುಳ್ಳಿ, ಖಾರದ ಪುಡಿ, ಒಂದು ಚಮಚ ಶೇಂಗಾ ಎಣ್ಣೆ ಹಾಕಿ ಅರ್ಧ ಗಂಟೆ ಬಿಡಿ. ನಮ್ಮ ಅವ್ವ ಮೊದಲು ಒಂದನ್ನು ಎರಡು ಬೆರಳಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, "ಇದೇನಪ್ಪಾ, ಉಪ್ಪಿನಲ್ಲಿ ಹಾಕಿ ಮರೆತ ಬಾರೆಹಣ್ಣೇ?" ಎಂದು ಕೇಳಿದರು. ಆಮೇಲೆ ಮಜ್ಜಿಗೆ ಅನ್ನದ ಜೊತೆ ನಾಲ್ಕು ತಿಂದರು. ಉಪ್ಪಿನಕಾಯಿ ತಿನ್ನುವ ಊರಿಗೆ ಆಲಿವ್ ಪರಕೀಯವಲ್ಲ. ರಕ್ತದೊತ್ತಡದ ಮಾತ್ರೆ ನುಂಗುವವರು ಎರಡಕ್ಕೆ ನಿಲ್ಲಿಸಬೇಕು, ಅಷ್ಟೆ.

ಚೀಸಿನಲ್ಲಿ ಗೌಡಾ ಅಥವಾ ಚೆಡ್ಡರ್‌ನಂಥ ಗಟ್ಟಿಯದನ್ನು ಮೊದಲು ತನ್ನಿ. ನೀಲಿ ಬೂಷ್ಟಿನ ಚೀಸನ್ನು ಮೊದಲ ಸಲವೇ ತಂದರೆ ಇಡೀ ಪ್ರಯೋಗಕ್ಕೆ ಮನೆಯಲ್ಲಿ ಬಾಗಿಲು ಮುಚ್ಚುತ್ತದೆ. ತಿನ್ನುವ ಅರ್ಧ ಗಂಟೆ ಮುಂಚೆ ಫ್ರಿಜ್‌ನಿಂದ ಹೊರಗಿಡಿ, ತಣ್ಣಗಿದ್ದರೆ ಪರಿಮಳ ಏಳುವುದಿಲ್ಲ. ಏಪ್ರಿಲ್, ಮೇ ತಿಂಗಳಿನ ಕಲಬುರಗಿಯಲ್ಲಿ ಹತ್ತು ನಿಮಿಷ ಸಾಕು, ಅರ್ಧ ಗಂಟೆಗೆ ಅದು ಬೆವರಿ ಎಣ್ಣೆ ಬಿಡುತ್ತದೆ. ಕಡಕ್ ರೊಟ್ಟಿಯ ಚೂರಿನ ಮೇಲೆ ತೆಳ್ಳನೆಯ ಒಂದು ಹೋಳು ಚೀಸು, ಮೇಲೆ ಚಿಟಿಕೆ ಅಗಸಿ ಹಿಂಡಿ. ಇದಕ್ಕೆ ದುಬಾರಿ ಕ್ರ್ಯಾಕರ್ ಬಿಸ್ಕತ್ತು ಬೇಕಿಲ್ಲ.

ಬೆಂಗಳೂರಿನಿಂದ ಚೀಸು ತರುವುದಕ್ಕೆ ನನ್ನ ಕಸುಬಿನ ಒಂದು ಅನುಕೂಲವಿದೆ. ಇನ್ಸುಲಿನ್ ಬರುವ ಥರ್ಮಾಕೋಲ್ ಪೆಟ್ಟಿಗೆ ಮತ್ತು ಜೆಲ್ ಚೀಲಗಳನ್ನು ಯಾವ ಔಷಧ ಅಂಗಡಿಯಲ್ಲಿ ಕೇಳಿದರೂ ಸುಮ್ಮನೆ ಕೊಡುತ್ತಾರೆ, ನಮಗೆ ಅವನ್ನು ಇಡಲು ಜಾಗವೇ ಇರುವುದಿಲ್ಲ. ಜೆಲ್ ಚೀಲವನ್ನು ಹಿಂದಿನ ರಾತ್ರಿ ಫ್ರೀಜರ್‌ನಲ್ಲಿಟ್ಟು, ಚೀಸಿಗೆ ನೇರವಾಗಿ ತಾಗದಂತೆ ಪತ್ರಿಕೆ ಸುತ್ತಿ ಪೆಟ್ಟಿಗೆಯಲ್ಲಿ ಇಡಿ. 2024ರ ಮಾರ್ಚ್‌ನಲ್ಲಿ ಕಲಬುರಗಿ-ಬೆಂಗಳೂರು ವಂದೇ ಭಾರತ್ ರೈಲು ಶುರುವಾದ ಮೇಲೆ ಇದು ಇನ್ನೂ ಸಲೀಸಾಗಿದೆ, ಬೋಗಿ ಪೂರ್ತಿ ಹವಾನಿಯಂತ್ರಿತ. ಮೊಸರೆಲ್ಲಾ, ಕ್ರೀಮ್ ಚೀಸಿನಂಥ ಮೆತ್ತನೆಯದನ್ನು ಆದರೂ ತರಬೇಡಿ.

ಉಳಿದವನ್ನು ಬೇಗ ಹೇಳುತ್ತೇನೆ. ಹಮ್ಮಸ್ ಎಂದರೆ ಕಾಬೂಲಿ ಕಡಲೆ, ಎಳ್ಳಿನ ಪೇಸ್ಟ್, ನಿಂಬೆ, ಬೆಳ್ಳುಳ್ಳಿ. ಒಮ್ಮೆ ಕೊಂಡು ರುಚಿ ತಿಳಿದುಕೊಂಡು ಮುಂದಿನ ಸಲದಿಂದ ಮನೆಯಲ್ಲೇ ರುಬ್ಬಿ. ಆವಕಾಡೊ ಕೊಳ್ಳುವಾಗ ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿ ನೋಡಿ, ತುಸು ತಗ್ಗಿದರೆ ಹಣ್ಣಾಗಿದೆ. ಉಳ್ಳಾಗಡ್ಡಿ, ನಿಂಬೆ, ಹಸಿಮೆಣಸಿನಕಾಯಿ ಹಾಕಿ ಕಿವುಚಿದರೆ ಬಿಸಿ ರೊಟ್ಟಿಗೆ ಚೆನ್ನಾಗಿ ಹೊಂದುತ್ತದೆ. ಕಿನೋವಾವನ್ನು ನೊರೆ ಹೋಗುವವರೆಗೆ ತೊಳೆಯದಿದ್ದರೆ ಕಹಿ. ತೊಳೆದ ಮೇಲೂ ನನಗೆ ನವಣೆಯೇ ಮೇಲು ಅನ್ನಿಸಿದೆ, ಬೆಲೆಯಲ್ಲಂತೂ ಸಂಶಯವೇ ಇಲ್ಲ. ಬಿಸಿಲಿನಲ್ಲಿ ಒಣಗಿಸಿದ ಟೊಮೆಟೊವನ್ನು ಇಟಲಿಯ ಶೀಷೆಯಲ್ಲಿ ಕೊಳ್ಳುವ ಕಲಬುರಗಿಯವರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಮಾಳಿಗೆಯ ಮೇಲೆ ಹೋಗಿ ಒಮ್ಮೆ ನಿಂತು ನೋಡಲಿ.

ಇನ್ನು ವೈನ್

ಅಮೆರಿಕದಲ್ಲಿ ಟ್ರೇಡರ್ ಜೋಸ್ ಎಂಬ ಸರಣಿ ಮಳಿಗೆ ಇದೆ. 1967ರಲ್ಲಿ ಕ್ಯಾಲಿಫೋರ್ನಿಯಾದ ಪಾಸಡೀನದಲ್ಲಿ ಶುರುವಾದದ್ದು. ಅಲ್ಲಿ ಮಾರುವ ಸರಕಿನಲ್ಲಿ ಬಹುಪಾಲಿಗೆ ಮಳಿಗೆಯದೇ ಹೆಸರು, ಆದ್ದರಿಂದಲೇ ಬೆಲೆ ಕಡಿಮೆ. 2002ರಲ್ಲಿ ಅದು ಚಾರ್ಲ್ಸ್ ಶಾ ಎಂಬ ವೈನನ್ನು ಬಾಟಲಿಗೆ 1.99 ಡಾಲರಿನಂತೆ ಮಾರಿ ಮನೆಮಾತಾಯಿತು. ಅಲ್ಲಿರುವ ನನ್ನ ಅಣ್ಣನ ಮಗ ರಜೆಗೆ ಬಂದಾಗಲೆಲ್ಲ ಇದನ್ನು ಹೇಳಿ ನಮ್ಮ ಹೊಟ್ಟೆ ಉರಿಸುತ್ತಾನೆ. ನಮ್ಮಲ್ಲಿ ಹೊರದೇಶದ ವೈನಿನ ಬೆಲೆಯಲ್ಲಿ ದೊಡ್ಡ ಪಾಲು ತೆರಿಗೆಯದೇ. ಅಗ್ಗದ ಆಮದು ಬಾಟಲಿಗೆ ಕೊಡುವ ದುಡ್ಡಿಗೆ ಅದಕ್ಕಿಂತ ಒಳ್ಳೆಯ ಸ್ವದೇಶಿ ಬಾಟಲಿ ಬರುತ್ತದೆ. ಅದು ದೂರದಿಂದ ಬರಬೇಕಾಗಿಯೂ ಇಲ್ಲ. ಫ್ರಾಟೆಲ್ಲಿ ಎಂಬ ವೈನ್ ಕಂಪನಿಯ ತೋಟಗಳಿರುವ ಅಕ್ಲೂಜ್ ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಯಲ್ಲಿದೆ, ಸುಲಾ ನಾಸಿಕ್‌ನದು, ಗ್ರೋವರ್ ಜಂಪಾ ದೊಡ್ಡಬಳ್ಳಾಪುರದ ಕಡೆಯದು.

ನಮ್ಮ ಊರಿನಲ್ಲಿ ಮುಖ್ಯ ಪ್ರಶ್ನೆ ಯಾವ ಬ್ರ್ಯಾಂಡ್ ಎಂಬುದಲ್ಲ, ಬಾಟಲಿ ಎಲ್ಲಿ ಕೂತಿತ್ತು ಎಂಬುದು. ಇಲ್ಲಿನ ಮದ್ಯದಂಗಡಿಗಳಲ್ಲಿ ಬಿಯರ್, ವಿಸ್ಕಿ ಓಡುತ್ತವೆ, ವೈನ್ ಓಡುವುದಿಲ್ಲ. ಮೇಲಿನ ಹಲಗೆಯಲ್ಲಿ, ತಗಡಿನ ಸೂರಿಗೆ ಹತ್ತಿರ, ನೆಟ್ಟಗೆ ನಿಂತು ಅದು ಒಂದೆರಡು ಬೇಸಿಗೆ ಕಳೆದಿರುತ್ತದೆ. 42 ಡಿಗ್ರಿ ದಾಟುವ ಊರಿನಲ್ಲಿ ಅದು ವೈನಾಗಿ ಉಳಿಯುವುದಿಲ್ಲ, ಬೇಯಿಸಿದ ಒಣದ್ರಾಕ್ಷಿಯ ವಾಸನೆ ಹೊಡೆಯುತ್ತದೆ. ಆದ್ದರಿಂದ ಗಿರಾಕಿ ಹೆಚ್ಚಿರುವ, ಒಳಗೆ ತಂಪಿರುವ ಅಂಗಡಿ ಹುಡುಕಿ. ಲೇಬಲ್ಲಿನ ಮೇಲೆ ವರ್ಷ ನೋಡಿ: ನಮ್ಮ ದೇಶದಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಸುಮಾರು ಜನವರಿಯಿಂದ ಮಾರ್ಚ್‌ವರೆಗೆ. ಅಗ್ಗದ ಬಿಳಿ ವೈನ್ ಎರಡು ವರ್ಷಕ್ಕಿಂತ ಹಳೆಯದಾದರೆ ಬಿಡಿ. ಹಳೆಯದಾದಷ್ಟೂ ರುಚಿ ಎಂಬ ನಂಬಿಕೆ ಈ ಬೆಲೆಯ ಬಾಟಲಿಗೆ ಸಲ್ಲದು. ಬೂಚು ಮೇಲೆದ್ದಿದ್ದರೆ, ಕುತ್ತಿಗೆಯ ಸುತ್ತ ಅಂಟಂಟಾಗಿದ್ದರೆ ವಾಪಸ್ ಕೊಡಿ. ತಿರುಗಿಸಿ ತೆರೆಯುವ ಮುಚ್ಚಳವಿದ್ದರೆ ಹಗುರವಾಗಿ ಕಾಣಬೇಡಿ, ಬೂಚು ತೆಗೆಯುವ ಸಲಕರಣೆಯ ಖರ್ಚು ಉಳಿಯಿತು.

ಮನೆಯಲ್ಲಿ ಕುಡಿಯುವವನು ನಾನೊಬ್ಬನೇ. 750 ಮಿಲಿಲೀಟರ್ ಬಾಟಲಿಯಲ್ಲಿ 150ರ ಲೆಕ್ಕದಲ್ಲಿ ಐದು ಗ್ಲಾಸು ಇರುತ್ತವೆ. ನಿಮ್ಮದೂ ಇದೇ ಸ್ಥಿತಿಯಾದರೆ 375ರ ಅರ್ಧ ಬಾಟಲಿ ಕೇಳಿ, ಅಥವಾ ಈಗ ಡಬ್ಬಿಯಲ್ಲಿ ಬರುವುದನ್ನು ಕೊಳ್ಳಿ. ಶ್ರಾವಣದಲ್ಲಿ, ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲಿ ನಾನು ಬಾಟಲಿ ತೆರೆಯುವುದಿಲ್ಲ. ಇದು ಅವ್ವನಿಗೂ ನನಗೂ ನಡುವಿನ ಒಪ್ಪಂದ.

'ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಿರಿ' ಎಂಬ ಸಲಹೆಯನ್ನು ಬರೆದವರು ನಮ್ಮ ಕೋಣೆಯನ್ನು ಕಂಡಿರಲಿಲ್ಲ. ಅವರ ಕೋಣೆ 16ರಿಂದ 18 ಡಿಗ್ರಿಯದು. ಕೆಂಪನ್ನೂ ಫ್ರಿಜ್‌ನಲ್ಲೇ ಇಡಿ, ಕುಡಿಯುವ ಇಪ್ಪತ್ತು ನಿಮಿಷ ಮುಂಚೆ ಹೊರತೆಗೆಯಿರಿ. ಬಿಳಿಯದನ್ನು ನೇರವಾಗಿ ಫ್ರಿಜ್‌ನಿಂದಲೇ ಸುರಿಯಿರಿ.

ನಮ್ಮ ಊಟಕ್ಕೆ ಯಾವುದು ಹೊಂದುತ್ತದೆ ಎಂಬುದಕ್ಕೆ ಎರಡೇ ಸೂತ್ರ. ಖಾರದ ಜೊತೆ ಒಗರು ಬೇಡ: ಕೆಬರ್ನೆ ಸೊವಿನ್ಯೋನ್‌ನಂಥ ದಪ್ಪ ಕೆಂಪು ವೈನಿನ ಒಗರು ಮತ್ತು ಹೆಚ್ಚಿನ ಆಲ್ಕೋಹಾಲ್ ಮೆಣಸಿನ ಉರಿಯನ್ನು ಏರಿಸುತ್ತವೆ. ಶೇಂಗಾ ಹಿಂಡಿ, ಮಿರ್ಚಿ ಭಜಿಗೆ ತುಸು ಸಿಹಿ ಉಳಿಸಿದ ತಣ್ಣನೆಯ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಅಥವಾ ಗುಳ್ಳೆ ಏಳುವ ವೈನ್ ತೆಗೆದುಕೊಳ್ಳಿ. ಹುಳಿಯ ಜೊತೆ ಅದಕ್ಕಿಂತ ಹುಳಿಯಾದ ವೈನೇ ಬೇಕು, ಇಲ್ಲದಿದ್ದರೆ ವೈನ್ ನೀರುನೀರಾಗಿ ತೋರುತ್ತದೆ. ಪುಂಡಿ ಪಲ್ಯಕ್ಕೆ ಬಿಳಿ ವೈನ್ ಸೊವಿನ್ಯೋನ್ ಬ್ಲಾಂಕ್ ಎಂಬ ಜೋಡಿಯನ್ನು ಯಾವ ದೊಡ್ಡ ಹೋಟೆಲಿನ ಪಟ್ಟಿಯಲ್ಲೂ ನಾನು ಕಂಡಿಲ್ಲ, ಆದರೆ ನನ್ನ ನಾಲಿಗೆಗೆ ಅದಕ್ಕಿಂತ ಸರಿಯಾದ ಜೋಡಿ ಸಿಕ್ಕಿಲ್ಲ. ಪುಂಡಿಯ ಹುಳಿ ಮತ್ತು ಒಗ್ಗರಣೆಯ ಬೆಳ್ಳುಳ್ಳಿಯ ನಡುವೆ ಆ ವೈನಿನ ಹಸಿರು ವಾಸನೆ ನೇರವಾಗಿ ಕೂರುತ್ತದೆ. ಎಣ್ಣೆಗಾಯಿಗೆ ತಿಳಿಗುಲಾಬಿ ಬಣ್ಣದ ರೋಜೆ ವೈನ್. ಗೆಳೆಯರ ಮನೆಯಲ್ಲಿ ಮಟನ್ ತಹರಿ ಇದ್ದರೆ ಮಾತ್ರ ಶಿರಾಜ್ ಎಂಬ ಕೆಂಪು ವೈನ್. ಪೋರ್ಟ್ ಎಂದು ಅತಿ ಅಗ್ಗಕ್ಕೆ ಸಿಗುವ ಸಿಹಿ ಕೆಂಪು ವೈನನ್ನು ಊಟದ ಜೊತೆ ಬೇಡ, ಊಟದ ನಂತರ ಒಂದು ಗುಟುಕು ಸಾಕು.

ಕೊನೆಗೆ ಕೌಂಟರಿನ ಈಚೆಯಿಂದ ಕೆಲವು ಮಾತು. ಮೆಟ್ರೊನಿಡಜೋಲ್ ಅಥವಾ ಟಿನಿಡಜೋಲ್ ಎಂಬ ಸೋಂಕಿನ ಮಾತ್ರೆ ನಡೆಯುತ್ತಿದ್ದರೆ, ಮುಗಿದ ಮೇಲೂ ಮೂರು ದಿನ, ವೈನ್ ಮುಟ್ಟಬೇಡಿ. ವಾಂತಿ, ಎದೆ ಬಡಿತ, ಮುಖ ಕೆಂಪೇರುವುದು ಆಗಬಹುದು. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಖಾಲಿ ಹೊಟ್ಟೆಯ ವೈನಿನಿಂದ ರಕ್ತದ ಸಕ್ಕರೆ ಕುಸಿಯಬಹುದು. ನಿದ್ದೆ ಮಾತ್ರೆಯವರಿಗೆ ಬೇಡವೇ ಬೇಡ. ಲೇಬಲ್ಲಿನಲ್ಲಿ 220 ಅಥವಾ 224 ಎಂದಿದ್ದರೆ ಅದು ಸಲ್ಫೈಟ್, ಉಬ್ಬಸ ಇರುವವರು ಎಚ್ಚರವಾಗಿರಬೇಕು. ಕೆಂಪು ವೈನ್ ಹೃದಯಕ್ಕೆ ಒಳ್ಳೆಯದಂತೆ ಎಂದು ನನ್ನ ಅಂಗಡಿಗೇ ಬಂದು ಅಪ್ಪಣೆ ಕೇಳುವ ಗಿರಾಕಿಗಳಿದ್ದಾರೆ. ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ರುಚಿಗೆ ಕುಡಿಯುವುದಾದರೆ ರುಚಿಗೆಂದೇ ಹೇಳಿ, ಹೃದಯದ ಹೆಸರು ತರಬೇಡಿ.

ತೆರೆದ ಬಾಟಲಿ ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಟ್ಟರೆ ಮೂರು, ನಾಲ್ಕು ದಿನ ತಡೆಯುತ್ತದೆ. ಆಮೇಲೆ ಉಳಿದದ್ದನ್ನು ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ, ಪಾಸ್ತಾ ಸಾಸ್ ಕುದಿಯುವಾಗ ಒಂದೊಂದು ತುಂಡು ಹಾಕಿ. ಆ ಟ್ರೇಯ ಮೇಲೆ ದೊಡ್ಡದಾಗಿ ಹೆಸರು ಬರೆದು ಅಂಟಿಸಿ. ಅವ್ವ ಅದನ್ನು ಕೋಕಂ ಶರಬತ್ತಿನ ಐಸ್ ಎಂದುಕೊಂಡು ಪಕ್ಕದ ಮನೆಯ ಮಕ್ಕಳಿಗೆ ಕೊಡದಿರಲಿ.